ತಂಪನ್ನು ಅಳೆಯಲು ಕಲಿತ ಕಥೆ

ನಮ್ಮ ಬಾನುಲಿಯಲ್ಲಿ ನಾನು ಸಾಮಾನ್ಯವಾಗಿ ವಚನ, ಗಾದೆ, ಹಬ್ಬಗಳ ಬಗ್ಗೆ ಮಾತನಾಡುವವಳು. ಈ ಸಲ ಏರ್ ಕಂಡೀಷನರ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಮನೆಯವರೇ ನಕ್ಕರು. ಕನ್ನಡ ಎಂ.ಎ. ಮಾಡಿದವಳಿಗೆ ಎಸಿಯ ಗೊಡವೆ ಯಾಕೆ ಎಂದು ನೀವೂ ಕೇಳಬಹುದು. ಗೊಡವೆ ತಾನಾಗಿಯೇ ಬಂತು, ನಮ್ಮ ಅಟ್ಟದಿಂದ ಇಳಿದು ಬಂತು. ಅದನ್ನು ಬಿಡಿಸಿಕೊಳ್ಳಲು ಹೋಗಿ ಸುಮಾರು 300 ವರ್ಷಗಳ ಚರಿತ್ರೆಯನ್ನು ಓದಬೇಕಾಯಿತು. ಆ ಓದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

2019ರ ಆಗಸ್ಟ್. ನಾವಿರುವ ಹ್ಯೂಸ್ಟನ್‌ನಲ್ಲಿ ಆಗಸ್ಟ್ ಎಂದರೆ ಏನೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಉಡುಪಿಯಿಂದ ನಮ್ಮ ಅತ್ತೆ ಬಂದಿದ್ದರು. ವಯಸ್ಸು 76, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು. ಎಸಿ ಹಗಲಿಡೀ ಓಡುತ್ತಿತ್ತು. ನಾವು 75ಕ್ಕೆ ಇಟ್ಟರೂ ಗೋಡೆಯ ಮೇಲಿನ ಥರ್ಮೋಸ್ಟಾಟ್ 78ರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಅತ್ತೆ ಮಾತ್ರ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಎಂತ ಸೆಖೆ ಮಾರಾಯ್ತಿ ಇದು! ಎಸಿ ಹಾಕಿಯೂ ನಮ್ಮೂರಿನ ಮೇ ತಿಂಗಳ ಹಾಗೆಯೇ ಉಂಟಲ್ಲ" ಎನ್ನುತ್ತಿದ್ದರು. ರಾತ್ರಿ ನಿದ್ದೆಯಿಲ್ಲದೆ ಅವರ ಕಾಲು ಊದಿಕೊಂಡಿತು. ನನಗೆ ಭಯವಾಯಿತು.

ಒಂದು ಕಂಪನಿಗೆ ಫೋನ್ ಮಾಡಿದೆವು. ಬಂದ ತಂತ್ರಜ್ಞ ಹೊರಗಿನ ಯಂತ್ರದ ದಪ್ಪ ತಾಮ್ರದ ಕೊಳವೆಯನ್ನು ಕೈಯಿಂದ ಮುಟ್ಟಿ ನೋಡಿದ. ಆಮೇಲೆ ಮನೆಯೊಳಗಿನ ಗಾಳಿಯನ್ನು ಎಳೆದುಕೊಳ್ಳುವ ಜಾಲರಿಯ ಮುಂದೆ ಥರ್ಮಾಮೀಟರ್ ಹಿಡಿದ: 78 ಡಿಗ್ರಿ. ತಂಪು ಗಾಳಿ ಬರುವ ಕಿಂಡಿಯ ಬಳಿ ಹಿಡಿದ: 70 ಡಿಗ್ರಿ. "ವ್ಯತ್ಯಾಸ ಬರೀ 8. ಕನಿಷ್ಠ 16 ಇರಬೇಕು. ನಿಮ್ಮ ಯಂತ್ರಕ್ಕೆ 14 ವರ್ಷ, ಸೀರ್ ಬರೀ 10. ಇದರ ಕಾಲ ಮುಗಿಯಿತು" ಎಂದ. ಹೊಸ 16 ಸೀರ್ ಯಂತ್ರಕ್ಕೆ 11,000 ಡಾಲರ್ ಎಂದು ಚೀಟಿ ಬರೆದುಕೊಟ್ಟು ಹೋದ.

ಆ ರಾತ್ರಿ ಚೀಟಿಯನ್ನು ಮುಂದಿಟ್ಟುಕೊಂಡು ಕುಳಿತೆ. 78, 70, 16, 10. ಮನುಷ್ಯ ಹೇಳಿದ ಸಂಖ್ಯೆಗಳಲ್ಲಿ ಸುಳ್ಳಿರಲಿಲ್ಲ, ನಾನೇ ಕಣ್ಣಾರೆ ನೋಡಿದ್ದೆ. ಆದರೆ ಈ ಸಂಖ್ಯೆಗಳು ಎಲ್ಲಿಂದ ಬಂದವು? ವ್ಯತ್ಯಾಸ 16 ಇರಬೇಕು ಎಂದು ಹೇಳಿದವರು ಯಾರು? ಸೀರ್ ಎಂದರೆ ಯಾರು ಕೊಟ್ಟ ಅಂಕ? ಅದು ಗೊತ್ತಿಲ್ಲದೆ 11,000 ಡಾಲರ್ ಕೊಡಲು ಮನಸ್ಸು ಬರಲಿಲ್ಲ.

ಮೊದಲು ಕೈಯಿಂದಲೇ ಶುರು ಮಾಡೋಣ. ಜ್ವರ ಬಂದರೆ ನಮ್ಮ ಅಮ್ಮಂದಿರು ಹಣೆ ಮುಟ್ಟಿ ನೋಡುತ್ತಿದ್ದರು. ಅಮೆರಿಕದ ಹಳೆಯ ಎಸಿ ತಂತ್ರಜ್ಞರೂ ಹಾಗೆಯೇ. ಕೊಳವೆ ಬಿಯರ್ ಡಬ್ಬಿಯಷ್ಟು ತಣ್ಣಗಿದ್ದರೆ ಯಂತ್ರ ಸರಿಯಿದೆ ಎನ್ನುವುದು ಅವರ ನಡುವಿನ ಹಳೆಯ ಮಾತು. ಆದರೆ ಕೈ ಮೋಸ ಮಾಡುತ್ತದೆ. ಬಿಸಿನೀರಿನಲ್ಲಿ ಪಾತ್ರೆ ತೊಳೆದು ಬಂದ ಕೈಗೆ ಎಲ್ಲವೂ ತಣ್ಣಗೆ. ಫ್ರಿಜ್ಜಿನಿಂದ ಮೊಸರು ತೆಗೆದ ಕೈಗೆ ಎಲ್ಲವೂ ಬಿಸಿ. ಈ ಮೋಸದಿಂದ ಮನುಷ್ಯನನ್ನು ಬಿಡಿಸಿದ್ದು ಥರ್ಮಾಮೀಟರ್. ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಎಂಬ ಉಪಕರಣ ತಯಾರಕ 1714ರ ಹೊತ್ತಿಗೆ ಪಾದರಸದ ಥರ್ಮಾಮೀಟರ್ ಮಾಡಿದ. ಅದರ ಹೆಚ್ಚುಗಾರಿಕೆ ಏನೆಂದರೆ, ಅವನು ಮಾಡಿದ ಎರಡು ಥರ್ಮಾಮೀಟರುಗಳು ಒಂದೇ ಸಂಖ್ಯೆಯನ್ನು ತೋರಿಸುತ್ತಿದ್ದವು. ಒಂದು ಊರಿನ ಬಿಸಿಯನ್ನು ಇನ್ನೊಂದು ಊರಿನ ಬಿಸಿಯೊಡನೆ ಹೋಲಿಸುವುದು ಆಗ ಸಾಧ್ಯವಾಯಿತು. ನಾವು ಇಂದಿಗೂ ಈ ದೇಶದಲ್ಲಿ ಅವನ ಡಿಗ್ರಿಗಳಲ್ಲೇ ಬದುಕುತ್ತಿದ್ದೇವೆ.

ಆ ಥರ್ಮಾಮೀಟರ್ ಕೈಗೆ ಬಂದ ಮೇಲೆ ಜನ ತಂಪನ್ನು ಹುಟ್ಟಿಸುವ ಪ್ರಯೋಗಕ್ಕೆ ಇಳಿದರು. 1758ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾನ್ ಹ್ಯಾಡ್ಲಿ ಎಂಬ ಪ್ರಾಧ್ಯಾಪಕನ ಜೊತೆ ಸೇರಿ ಥರ್ಮಾಮೀಟರಿನ ಗುಂಡಿಗೆ ಈಥರ್ ಸವರಿ, ತಿದಿಯಿಂದ ಗಾಳಿ ಊದಿದ. ಈಥರ್ ಆರುತ್ತಿದ್ದಂತೆ ಪಾದರಸ ಇಳಿಯುತ್ತ ಹೋಯಿತು. 65 ಡಿಗ್ರಿ ಇದ್ದ ಕೋಣೆಯಲ್ಲಿ ಅದು 7 ಡಿಗ್ರಿಗೆ ಇಳಿದು, ಗುಂಡಿಯ ಸುತ್ತ ಮಂಜುಗಡ್ಡೆ ಕಟ್ಟಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಬಳ್ಳಾರಿಯ ನಮ್ಮ ಮನೆಯ ಮೂಲೆಯ ಮಣ್ಣಿನ ಗಡಿಗೆ. ಗಡಿಗೆಯ ಮೈಯಿಂದ ನೀರು ಒಸರಿ, ಆರಿ, ಒಳಗಿನ ನೀರನ್ನು ತಣಿಸುತ್ತದೆ. ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಡಿಕೆಯ ಗುಟ್ಟೂ ಅದೇ. ಬಳ್ಳಾರಿಯ ಒಣ ಬಿಸಿಲಿನಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಉಡುಪಿಯ ಮೇ ತಿಂಗಳಲ್ಲಿ ಮಾಡುವುದಿಲ್ಲ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಹೊಸ ನೀರು ಆರುವುದಾದರೂ ಎಲ್ಲಿಗೆ?

ಇಲ್ಲಿ ನಮ್ಮ ಭಾಷೆಯ ಒಂದು ಸೂಕ್ಷ್ಮವನ್ನು ಗಮನಿಸಿ. ಬಳ್ಳಾರಿಯವಳಾದ ನಾನು 'ಬಿಸಿಲು', 'ಝಳ' ಎನ್ನುತ್ತೇನೆ. ಕರಾವಳಿಯ ಅತ್ತೆ 'ಸೆಖೆ' ಎನ್ನುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಎರಡೂ ಒಂದೇ ಎಂದುಕೊಂಡಿದ್ದೆ. ಅಲ್ಲ. ಬಿಸಿಲಿನ ಝಳ ನೆರಳಿಗೆ ಹೋದರೆ ಕಡಿಮೆಯಾಗುತ್ತದೆ. ಸೆಖೆಗೆ ನೆರಳಿನ ಹಂಗಿಲ್ಲ, ಮೋಡ ಕವಿದಾಗಲೇ ಅದು ಹೆಚ್ಚು. ಮೈಯ ಬೆವರು ಆರದೆ ಅಂಟಿಕೊಂಡಾಗ ಆಗುವ ಸಂಕಟಕ್ಕೆ ಆ ಹೆಸರು. ಆಡುಮಾತು ಎಂದೋ ಬೇರ್ಪಡಿಸಿದ ಈ ಎರಡನ್ನು ಅಳೆಯಲು ವಿಜ್ಞಾನಕ್ಕೆ ಎರಡು ಥರ್ಮಾಮೀಟರ್ ಬೇಕಾದವು.

1825ರಲ್ಲಿ ಜರ್ಮನಿಯ ಎರ್ನ್ಸ್ಟ್ ಫರ್ಡಿನಾಂಡ್ ಆಗಸ್ಟ್ ಎಂಬಾತ ಎರಡು ಥರ್ಮಾಮೀಟರುಗಳನ್ನು ಅಕ್ಕಪಕ್ಕ ನಿಲ್ಲಿಸಿದ. ಒಂದರ ಗುಂಡಿ ಒಣಗಿದ್ದು, ಇನ್ನೊಂದಕ್ಕೆ ಒದ್ದೆ ಬಟ್ಟೆ. ಇದಕ್ಕೆ ಸೈಕ್ರೋಮೀಟರ್ ಎಂದು ಹೆಸರಾಯಿತು. ಗಾಳಿ ಒಣಗಿದ್ದರೆ ಒದ್ದೆ ಬಟ್ಟೆಯ ನೀರು ಬೇಗ ಆರಿ, ಆ ಥರ್ಮಾಮೀಟರ್ ಬಹಳ ಕೆಳಗಿಳಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತವೆ. ಉದಾಹರಣೆಗೆ ಒಣ ಗುಂಡಿ 80, ಒದ್ದೆ ಗುಂಡಿ 67 ತೋರಿಸಿದರೆ ಗಾಳಿಯ ತೇವಾಂಶ ಸುಮಾರು ಶೇಕಡ 51. ಈ 80 ಮತ್ತು 67ನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತವೆ. ಅತ್ತೆಯ ಸೆಖೆಯನ್ನು ತೋರಿಸುವುದು ಈ ಎರಡನೆಯ ಥರ್ಮಾಮೀಟರ್. ನಮ್ಮ ಮನೆಗೆ ಬಂದ ತಂತ್ರಜ್ಞ ಅದನ್ನು ಜೇಬಿನಿಂದ ತೆಗೆಯಲೇ ಇಲ್ಲ.

ಇನ್ನು 'ಟನ್' ಮಾತಿಗೆ ಬರೋಣ. ನಮ್ಮ ಮನೆಯದು 4 ಟನ್ ಎಸಿ. ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆಯದು ಒಂದೂವರೆ ಟನ್. ಯಂತ್ರದ ತೂಕ ಅಷ್ಟಿಲ್ಲವೆಂದು ಎಲ್ಲರಿಗೂ ಗೊತ್ತು. ಹಾಗಾದರೆ ಯಾವುದರ ತೂಕ? ಮಂಜುಗಡ್ಡೆಯದು.

1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಒಂದು ವಿಚಿತ್ರವನ್ನು ಕಂಡುಕೊಂಡ. ಮಂಜುಗಡ್ಡೆ ಕರಗುವಾಗ ಎಷ್ಟೋ ಶಾಖವನ್ನು ನುಂಗುತ್ತದೆ, ಆದರೆ ಪೂರ್ತಿ ಕರಗುವ ತನಕ ಥರ್ಮಾಮೀಟರ್ ಅಲ್ಲಾಡುವುದಿಲ್ಲ. ಈ ಅಡಗಿದ ಶಾಖಕ್ಕೆ ಗುಪ್ತೋಷ್ಣ ಎನ್ನುತ್ತೇವೆ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಮಾಡಲು ಬೇಕಾದ ಶಾಖ ಒಂದು ಬಿಟಿಯು. ಒಂದು ಪೌಂಡ್ ಮಂಜುಗಡ್ಡೆ ಬರೀ ಕರಗಲು 144 ಬಿಟಿಯು ಬೇಕು. ಮಂಜುಗಡ್ಡೆಯನ್ನು ದೇಶಾಂತರಕ್ಕೆ ಸಾಗಿಸಿ ಮಾರುವುದು ಸಾಧ್ಯವಾದದ್ದು ಇದರಿಂದಲೇ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಸುಮಾರು 180 ಟನ್ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತಕ್ಕೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ ಮುಗಿದಾಗ ಸುಮಾರು 100 ಟನ್ ಉಳಿದಿತ್ತು. ಅವನ ಕಂಪನಿ ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಈಗ ಅದು ವಿವೇಕಾನಂದರ್ ಇಲ್ಲಂ. ಚೆನ್ನೈಗೆ ಹೋದವರು ಅದನ್ನು ನೋಡಿರಬಹುದು, ಅಮೆರಿಕದ ಕೆರೆಯ ಮಂಜುಗಡ್ಡೆ ಇಟ್ಟಿದ್ದ ಮನೆ ಎಂದು ತಿಳಿಯದೆಯೇ.

1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಗುಂಡೇಟು ತಿಂದು ವಾಷಿಂಗ್ಟನ್ನಿನ ಬೇಸಿಗೆಯಲ್ಲಿ ಮಲಗಿದ್ದ. ನೌಕಾಪಡೆಯ ಎಂಜಿನಿಯರುಗಳು ಮಂಜುಗಡ್ಡೆಯ ನೀರಿನಲ್ಲಿ ತೋಯಿಸಿದ ಬಟ್ಟೆಗಳ ಮೂಲಕ ಗಾಳಿ ಹಾಯಿಸಿ ಅವನ ಕೋಣೆಯನ್ನು ತಂಪು ಮಾಡಿದರು. ಎರಡು ತಿಂಗಳಲ್ಲಿ ಖರ್ಚಾದ ಮಂಜುಗಡ್ಡೆ 5 ಲಕ್ಷ ಪೌಂಡಿಗೂ ಹೆಚ್ಚು. ಲೆಕ್ಕ ಹಾಕಿ ನೋಡಿ: ಅಮೆರಿಕದ ಒಂದು ಟನ್ ಎಂದರೆ 2000 ಪೌಂಡ್, ಅಂದರೆ 250 ಟನ್. ಅದನ್ನು 60 ದಿನಕ್ಕೆ ಹಂಚಿದರೆ ದಿನಕ್ಕೆ 4 ಟನ್ನಿನ ಮೇಲೆ ಸ್ವಲ್ಪ. ಅಧ್ಯಕ್ಷನೊಬ್ಬನ ಮರಣಶಯ್ಯೆಗೆ ಬಂದಷ್ಟು ತಂಪು ಇಂದು ನಮ್ಮಂಥ ಸಾಮಾನ್ಯ ಮನೆಯ ಅಟ್ಟದಲ್ಲಿ ಕುಳಿತಿದೆ.

ಯಂತ್ರದ ತಂಪು ಬಂದಾಗ ಜನರಿಗೆ ಪರಿಚಯವಿದ್ದ ಅಳತೆ ಮಂಜುಗಡ್ಡೆಯೇ. ಅದಕ್ಕೇ ಒಂದು ಟನ್ ಯಂತ್ರ ಎಂದರೆ ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೀರುವ ಯಂತ್ರ ಎಂದಾಯಿತು. 2000 ಪೌಂಡನ್ನು 144ರಿಂದ ಗುಣಿಸಿ 24ರಿಂದ ಭಾಗಿಸಿದರೆ ಗಂಟೆಗೆ 12,000 ಬಿಟಿಯು. ನಿಮ್ಮ ಯಂತ್ರದ ಮೇಲಿನ ಚೀಟಿಯಲ್ಲಿ 48 ಎಂಬ ಅಂಕಿ ಕಂಡರೆ ಸಾಮಾನ್ಯವಾಗಿ ಅದು 48,000 ಬಿಟಿಯು, ಅಂದರೆ 4 ಟನ್.

ಈಗ 1902ಕ್ಕೆ ಬನ್ನಿ, ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ. ಸ್ಯಾಕೆಟ್ ಮತ್ತು ವಿಲ್ಹೆಲ್ಮ್ಸ್ ಎಂಬ ಮುದ್ರಣಾಲಯದಲ್ಲಿ ಬಣ್ಣದ ಅಚ್ಚು ಕೆಟ್ಟುಹೋಗುತ್ತಿತ್ತು. ಬಣ್ಣಗಳನ್ನು ಒಂದರ ಮೇಲೊಂದು ಒತ್ತಬೇಕು. ನಡುವೆ ತೇವ ಹೀರಿ ಕಾಗದ ಹಿಗ್ಗಿದರೆ ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ. ಕೆಲಸಕ್ಕೆ ಸೇರಿ ಒಂದು ವರ್ಷವಾಗಿದ್ದ ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರಿಗೆ ಇದನ್ನು ಒಪ್ಪಿಸಿದರು. ಅವನು ಜುಲೈ 17ರಂದು ಮುಗಿಸಿದ ನಕ್ಷೆಗಳನ್ನು ಆಧುನಿಕ ಹವಾನಿಯಂತ್ರಣದ ಹುಟ್ಟು ಎಂದು ಲೆಕ್ಕ ಹಾಕುತ್ತಾರೆ. ಆ ಯಂತ್ರದ ಸಾಮರ್ಥ್ಯ ದಿನಕ್ಕೆ 1,08,000 ಪೌಂಡ್ ಮಂಜುಗಡ್ಡೆ ಕರಗುವುದಕ್ಕೆ ಸಮ, ಅಂದರೆ 54 ಟನ್.

ಕ್ಯಾರಿಯರ್‌ಗೆ ಕೊಟ್ಟ ಕೆಲಸವನ್ನು ಗಮನಿಸಿ. ಕೆಲಸಗಾರರಿಗೆ ತಂಪು ಕೊಡು ಎಂದು ಯಾರೂ ಹೇಳಲಿಲ್ಲ. ತೇವಾಂಶ ವರ್ಷವಿಡೀ ಶೇಕಡ 55ರಲ್ಲಿ ನಿಲ್ಲಬೇಕು ಎಂಬುದೇ ಗುರಿಯಾಗಿತ್ತು. ಎಸಿ ಹುಟ್ಟಿದ್ದು ಸೆಖೆಯನ್ನು ನಿವಾರಿಸಲು, ಅದೂ ಕಾಗದದ ಸೆಖೆಯನ್ನು! 'ಏರ್ ಕಂಡೀಷನಿಂಗ್' ಎಂಬ ಹೆಸರನ್ನು 1906ರಲ್ಲಿ ಕೊಟ್ಟ ಸ್ಟುವರ್ಟ್ ಕ್ರೇಮರ್ ಕೂಡ ಹತ್ತಿಯ ಗಿರಣಿಗಳ ಎಂಜಿನಿಯರ್. ನೂಲು ಹರಿಯದಂತೆ ಗಾಳಿಗೆ ತೇವ ಸೇರಿಸುವುದು ಅವನ ಕೆಲಸವಾಗಿತ್ತು. 1911ರಲ್ಲಿ ಕ್ಯಾರಿಯರ್ ಅಮೆರಿಕದ ಯಂತ್ರ ಎಂಜಿನಿಯರುಗಳ ಸಂಘದ ಮುಂದೆ ಒಣ ಗುಂಡಿ, ಒದ್ದೆ ಗುಂಡಿ, ತೇವಾಂಶ ಇವುಗಳ ಸಂಬಂಧವನ್ನು ಸೂತ್ರಗಳಲ್ಲಿ ಕಟ್ಟಿಕೊಟ್ಟ. ಆ ಸೂತ್ರಗಳಿಂದ ಬೆಳೆದ ಸೈಕ್ರೋಮೆಟ್ರಿಕ್ ನಕ್ಷೆಯನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ.

ಆಮೇಲಿನ ಕಥೆಗೆ ಟೆಕ್ಸಾಸ್‌ಗಿಂತ ಒಳ್ಳೆಯ ರಂಗಸ್ಥಳವಿಲ್ಲ. 1928ರಲ್ಲಿ ಸ್ಯಾನ್ ಆಂಟೋನಿಯೊದ 21 ಮಹಡಿಗಳ ಮೈಲಂ ಕಟ್ಟಡ ಪೂರ್ತಿ ಹವಾನಿಯಂತ್ರಿತವಾದ ಮೊದಲ ಬಹುಮಹಡಿ ಕಚೇರಿ ಎನಿಸಿತು. 1965ರಲ್ಲಿ ನಮ್ಮ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಬೇಸ್‌ಬಾಲ್ ಮೈದಾನವನ್ನೇ ತಂಪಾದ ಸೂರಿನೊಳಗೆ ತಂದಿತು. ಅಂದಿನ ದಿನಗಳಲ್ಲಿ ಯಂತ್ರ ಎಷ್ಟು ವಿದ್ಯುತ್ ಉಣ್ಣುತ್ತದೆ ಎಂದು ಕೇಳುವವರು ಕಡಿಮೆ.

ಕೇಳುವಂತೆ ಮಾಡಿದ್ದು 1973ರ ತೈಲ ಬಿಕ್ಕಟ್ಟು. 1975ರಲ್ಲಿ ಅಮೆರಿಕ ಇಂಧನ ಉಳಿತಾಯದ ಕಾಯ್ದೆ ಮಾಡಿತು, ಗೃಹಬಳಕೆಯ ಯಂತ್ರಗಳಿಗೆ ದಕ್ಷತೆಯ ಚೀಟಿ ಅಂಟಿಸಬೇಕೆಂದಿತು. 1980ರಲ್ಲಿ ಹಳದಿ ಬಣ್ಣದ ಎನರ್ಜಿಗೈಡ್ ಚೀಟಿಗಳು ಅಂಗಡಿಗಳಲ್ಲಿ ಕಾಣಿಸಿಕೊಂಡವು. ಅಂಕ ಕೊಡುವ ಕ್ರಮ ಸರಳ. ಯಂತ್ರ ಗಂಟೆಗೆ ಎಷ್ಟು ಬಿಟಿಯು ಶಾಖವನ್ನು ಹೊರಹಾಕುತ್ತದೆಯೋ ಅದನ್ನು, ಅದು ಎಳೆಯುವ ವ್ಯಾಟ್‌ಗಳಿಂದ ಭಾಗಿಸಬೇಕು. ಇದು ಇ.ಇ.ಆರ್. ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ: ಹೊರಗೆ 95 ಡಿಗ್ರಿ, ಒಳಗೆ ಒಣ ಗುಂಡಿ 80, ಒದ್ದೆ ಗುಂಡಿ 67. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅವೇ ಸಂಖ್ಯೆಗಳು.

ಆದರೆ ಬೇಸಿಗೆಯ ಎಲ್ಲ ದಿನವೂ 95 ಇರುವುದಿಲ್ಲ. ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ನೀರು ಆಳಕ್ಕೆ ಇಳಿದಷ್ಟೂ ಒಂದು ಕೊಡಕ್ಕೆ ಹಗ್ಗ ಎಳೆಯುವ ಶ್ರಮ ಹೆಚ್ಚು. ಎಸಿ ಮನೆಯ ಶಾಖವನ್ನು ಸೇದಿ ಹೊರಗಿನ ಬಿಸಿಗೆ ಸುರಿಯುತ್ತದೆ. ಒಳಗಿನ ಮತ್ತು ಹೊರಗಿನ ಡಿಗ್ರಿಗಳ ಅಂತರ ಹೆಚ್ಚಿದಷ್ಟೂ ಶ್ರಮ ಹೆಚ್ಚು. 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ಉಗಿಯಂತ್ರಗಳ ಬಗ್ಗೆ ಬರೆದ ಪುಸ್ತಕದ ತಿರುಳಿನಿಂದಲೇ ಈ ತಿಳಿವಳಿಕೆ ಬೆಳೆದದ್ದು. ಅದಕ್ಕಾಗಿ 1970ರ ದಶಕದ ಕೊನೆಗೆ ಇಡೀ ಋತುವಿನ ಬೇರೆ ಬೇರೆ ಉಷ್ಣಾಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸರಾಸರಿ ಅಂಕ ಬಂತು. ಅದೇ ಸೀರ್.

1987ರ ಕಾಯ್ದೆಯಂತೆ 1992ರಿಂದ ಮನೆಗಳ ಸ್ಪ್ಲಿಟ್ ಎಸಿಗೆ ಕನಿಷ್ಠ 10 ಸೀರ್ ಇರಲೇಬೇಕಾಯಿತು. 10ರಿಂದ 13ಕ್ಕೆ ಹೋಗಲು ಮಾತ್ರ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2001ರ ಜನವರಿಯಲ್ಲಿ ಕ್ಲಿಂಟನ್ ಸರ್ಕಾರ ಹೋಗುವ ಮುನ್ನ 13 ಎಂದು ನಿಯಮ ಮಾಡಿತು. ಮುಂದೆ ಬಂದ ಬುಷ್ ಸರ್ಕಾರ 12 ಸಾಕು ಎಂದು ಇಳಿಸಿತು. ಪರಿಸರ ಸಂಘಟನೆಗಳೂ ಕೆಲವು ರಾಜ್ಯಗಳೂ ದಾವೆ ಹೂಡಿದವು. 2004ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಹಾಗೆ ಇಳಿಸುವುದು ಕಾನೂನಿಗೆ ವಿರುದ್ಧ ಎಂದಿತು. 2006ರ ಜನವರಿಯಿಂದ 13 ಜಾರಿಗೆ ಬಂತು. ಒಂದು ಅಂಕಕ್ಕೆ ಇಷ್ಟು ಜಗಳವೇ ಎನಿಸಬಹುದು. 3 ಟನ್ ಯಂತ್ರಕ್ಕೆ ದಕ್ಷತೆ 10 ಇದ್ದರೆ 3600 ವ್ಯಾಟ್ ಬೇಕು, 12 ಇದ್ದರೆ 3000, 13 ಇದ್ದರೆ ಸುಮಾರು 2770. ಇದನ್ನು ದೇಶದ ಕೋಟ್ಯಂತರ ಮನೆಗಳಿಗೆ ಗುಣಿಸಿದರೆ ಜಗಳದ ಬೆಲೆ ತಿಳಿಯುತ್ತದೆ. 2015ರಲ್ಲಿ ನಮ್ಮ ದಕ್ಷಿಣದ ರಾಜ್ಯಗಳಿಗೆ ಅದು 14 ಆಯಿತು.

ಊರಿನಲ್ಲೂ ಇದೇ ದಾರಿ. 2002ರಲ್ಲಿ ಸ್ಥಾಪನೆಯಾದ ಭಾರತದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ನಕ್ಷತ್ರದ ಚೀಟಿ ತಂದಿತು. 2018ರಿಂದ ಕೋಣೆಯ ಎಸಿಗಳಿಗೆ ಐಸೀರ್ ಎಂಬ ಋತುಮಾನದ ಅಂಕ ಕಡ್ಡಾಯವಾಯಿತು. ಅದರ ಲೆಕ್ಕಕ್ಕೆ ಹಿಡಿದಿರುವುದು 24ರಿಂದ 43 ಡಿಗ್ರಿ ಸೆಲ್ಸಿಯಸ್ ನಡುವಿನ ಹವೆ, ವರ್ಷಕ್ಕೆ 1600 ಗಂಟೆ. ಒಂದು ಎಚ್ಚರಿಕೆ: ತಂಗಿ "ನಮ್ಮ ಎಸಿ 5" ಎಂದಾಗ "ನಮ್ಮದು 16" ಎಂದು ಬೀಗಬೇಡಿ. ಅಲ್ಲಿ ತಂಪನ್ನೂ ವ್ಯಾಟ್‌ನಲ್ಲೇ ಅಳೆಯುತ್ತಾರೆ. ಅವರ ಅಂಕವನ್ನು ಸುಮಾರು 3.4ರಿಂದ ಗುಣಿಸಿದರೆ ನಮ್ಮ ಅಳತೆಗೆ ಬರುತ್ತದೆ. ಪರೀಕ್ಷೆಯ ಕ್ರಮ ಬೇರೆಯಾದ್ದರಿಂದ ಆ ಹೋಲಿಕೆಯೂ ಅಂದಾಜೇ.

ಈಗ ನಮ್ಮ ಅಟ್ಟಕ್ಕೆ ವಾಪಸು ಬರೋಣ. ಇಷ್ಟೆಲ್ಲ ಓದಿದ ಮೇಲೆ ನನಗೆ ಎರಡು ಸಂಗತಿಗಳು ಹೊಳೆದವು. ಒಂದು, ಸೀರ್ 10 ಎನ್ನುವುದು ಯಂತ್ರ ಹುಟ್ಟಿದಾಗ ಪಡೆದ ಅಂಕ. ಅದು ಕಡಿಮೆಯಿದ್ದರೆ ಬಿಲ್ಲು ಹೆಚ್ಚು ಬರುತ್ತದೆ, ಆದರೆ ಮನೆ ತಣ್ಣಗಾಗದಿರಲು ಅದು ಕಾರಣವಲ್ಲ. 10 ಸೀರ್‌ನ 4 ಟನ್ನೂ 4 ಟನ್ನೇ, 16 ಸೀರ್‌ನ 4 ಟನ್ನೂ 4 ಟನ್ನೇ. ಹಿಂದಿನ ವರ್ಷದವರೆಗೆ ಅದೇ ಯಂತ್ರ ಇದೇ ಮನೆಯನ್ನು 75ಕ್ಕೆ ಇಳಿಸುತ್ತಿತ್ತು. ಎರಡು, ಅತ್ತೆ ದೂರುತ್ತಿದ್ದದ್ದು ಸೆಖೆಯನ್ನು. ಬಿಸಿಯ ಜೊತೆಗೆ ತೇವವೂ ಮನೆಗೆ ಎಲ್ಲಿಂದಲೋ ಬರುತ್ತಿತ್ತು.

ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ನಿವೃತ್ತ ಎಂಜಿನಿಯರ್. ಭಾನುವಾರದ ಕನ್ನಡ ಕಲಿ ತರಗತಿಗೆ ಮೊಮ್ಮಗಳನ್ನು ಬಿಡಲು ಬಂದವರ ಹತ್ತಿರ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಥರ್ಮಾಮೀಟರ್ ಎಲ್ಲಿ ಇಟ್ಟು ನೋಡಿದನಮ್ಮ?" ಜಾಲರಿಯ ಮುಂದೆ, ಕಿಂಡಿಯ ಮುಂದೆ ಎಂದೆ. "ಅದು ಮನೆಯ ವ್ಯತ್ಯಾಸ. ಯಂತ್ರದ ವ್ಯತ್ಯಾಸ ಬೇರೆ. ಕಾಯಿಲಿನ ಈಚೆ ಆಚೆ ಅಳೆಸು" ಎಂದರು.

ಬೇರೊಬ್ಬ ತಂತ್ರಜ್ಞನನ್ನು ಕರೆಸಿದೆವು. ಆತ ಒಣ ಮತ್ತು ಒದ್ದೆ ಎರಡನ್ನೂ ತೋರಿಸುವ ಮಾಪಕ ತಂದಿದ್ದ. ಜಾಲರಿಯ ಬಳಿ 78. ಅಟ್ಟ ಹತ್ತಿ, ಅದೇ ಗಾಳಿ ಕಾಯಿಲನ್ನು ಮುಟ್ಟುವ ಸ್ವಲ್ಪ ಮುಂಚೆ ಅಳೆದ: 86! ಕಾಯಿಲ್ ದಾಟಿದ ಮೇಲೆ 69. ಅಂದರೆ ಯಂತ್ರ ಬಡಪಾಯಿ 17 ಡಿಗ್ರಿ ಇಳಿಸುತ್ತಲೇ ಇತ್ತು. ಆದರೆ ಜಾಲರಿಯಿಂದ ಕಾಯಿಲಿಗೆ ಹೋಗುವ ಹತ್ತು ಅಡಿ ದಾರಿಯಲ್ಲಿ ಗಾಳಿ 8 ಡಿಗ್ರಿ ಬಿಸಿಯಾಗುತ್ತಿತ್ತು. ದಾರಿಯಲ್ಲಿ ಏನಿತ್ತು? ಗಾಳಿ ಎಳೆದುಕೊಳ್ಳುವ ಡಕ್ಟಿನ ಕೀಲು ಬಿಟ್ಟುಕೊಂಡು ಅಂಗೈಯಗಲದ ಬಾಯಿ ತೆರೆದಿತ್ತು. 125 ಡಿಗ್ರಿಯ ಅಟ್ಟದಿಂದ, ಹ್ಯೂಸ್ಟನ್ನಿನ ಒದ್ದೆ ಗಾಳಿಯನ್ನು ಯಂತ್ರ ಅಲ್ಲಿಂದ ಹೀರುತ್ತಿತ್ತು. ಅತ್ತೆಯ ಸೆಖೆ ಬರುತ್ತಿದ್ದದ್ದು ಅಲ್ಲಿಂದ. 11,000 ಡಾಲರಿನ ಹೊಸ ಯಂತ್ರ ತಂದಿದ್ದರೆ ಅದೂ ಆ ಬಾಯಿಂದಲೇ ಅಟ್ಟದ ಗಾಳಿ ಕುಡಿಯುತ್ತಿತ್ತು.

ಕೀಲಿಗೆ ಮ್ಯಾಸ್ಟಿಕ್ ಎಂಬ ಗಟ್ಟಿ ಅಂಟು ಬಳಿದು ಮುಚ್ಚಿದರು. ಎಲ್ಲ ಸೇರಿ 380 ಡಾಲರ್. ಆ ಸಂಜೆ ಥರ್ಮೋಸ್ಟಾಟ್ 75 ತೋರಿಸಿತು. ಅತ್ತೆ ಶಾಲು ಕೇಳಿದರು.

ಮೊದಲನೆಯ ತಂತ್ರಜ್ಞ ಬೇಕೆಂದೇ ಮೋಸ ಮಾಡಿದನೋ ಅವಸರದಲ್ಲಿ ತಪ್ಪಿದನೋ ನಾನು ಹೇಳಲಾರೆ. ಅವನ ಥರ್ಮಾಮೀಟರ್ ಸರಿಯಾಗಿಯೇ ಇತ್ತು, ಇಟ್ಟ ಜಾಗ ಸಾಲದಾಗಿತ್ತು. ಇದೇ ಕೊರತೆ ಅಂಕಗಳಲ್ಲೂ ಇತ್ತು ಎಂದು ಆಮೇಲೆ ತಿಳಿಯಿತು. ಪ್ರಯೋಗಾಲಯದಲ್ಲಿ ಸೀರ್ ಅಳೆಯುವಾಗ ಡಕ್ಟಿನ ತಡೆಯನ್ನು ನಿಜವಾದ ಮನೆಗಳಿಗಿಂತ ಬಹಳ ಕಡಿಮೆ ಹಿಡಿಯುತ್ತಿದ್ದರು. 2023ರಿಂದ ಬಂದ ಸೀರ್2 ಎಂಬ ಹೊಸ ಅಳತೆ ಆ ತಡೆಯನ್ನು ಮನೆಯ ಸ್ಥಿತಿಗೆ ಹತ್ತಿರವಾಗುವಂತೆ 0.5 ಇಂಚು ನೀರಿನ ಒತ್ತಡಕ್ಕೆ ಏರಿಸಿತು. ಹಳೆಯ ಅಂಕ 15 ಇದ್ದದ್ದು ಈಗ ಸುಮಾರು 14.3 ಎನಿಸುವುದು ಇದರಿಂದ. ಆದರೂ ಪ್ರಯೋಗಾಲಯದ ಡಕ್ಟಿಗೆ ತೂತು ಇರುವುದಿಲ್ಲ.

ಈ ಬೇಸಿಗೆಯಲ್ಲಿ ನೀವು ಮನೆಯಲ್ಲೇ ಮಾಡಬಹುದಾದದ್ದು ಇಷ್ಟು. ಮೊದಲು ಫಿಲ್ಟರ್ ಬದಲಿಸಿ. ಎಸಿ ಕಾಲು ಗಂಟೆ ಓಡಿದ ಮೇಲೆ ಜಾಲರಿಯ ಬಳಿ, ಆಮೇಲೆ ಯಂತ್ರಕ್ಕೆ ಹತ್ತಿರದ ಕಿಂಡಿಯ ಬಳಿ, ಒಂದೇ ಥರ್ಮಾಮೀಟರ್ ಇಟ್ಟು ಅಳೆಯಿರಿ. ವ್ಯತ್ಯಾಸ 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 8ರಿಂದ 11 ಸೆಲ್ಸಿಯಸ್ ಇದ್ದರೆ ಸಾಮಾನ್ಯವಾಗಿ ಸರಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಸಂತೋಷಪಡಬೇಡಿ, ಗಾಳಿ ಸಾಕಷ್ಟು ಹರಿಯುತ್ತಿಲ್ಲ ಎಂದರ್ಥ. ಕಡಿಮೆಯಿದ್ದರೆ ಗಾಬರಿಯಾಗಬೇಡಿ, ಗಾಳಿಯ ತೇವವನ್ನೂ ನೋಡಿ. ಯಂತ್ರ ತನ್ನ ಶಕ್ತಿಯ ಒಂದು ಪಾಲನ್ನು ನೀರು ಹಿಂಡಲು ಬಳಸುವಾಗ ವ್ಯತ್ಯಾಸ ಕೆಲವು ಡಿಗ್ರಿ ಇಳಿಯುವುದು ಸಹಜ. ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಮುಂದೆ ಹಿಡಿದರೆ 1825ರ ಸೈಕ್ರೋಮೀಟರ್ ನಿಮ್ಮ ಕೈಯಲ್ಲೇ ಇರುತ್ತದೆ. ದಿನಾಂಕ, ಹೊರಗಿನ ಹವೆ, ಎರಡು ಸಂಖ್ಯೆಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡಿ. ಯಂತ್ರ ಚೆನ್ನಾಗಿದ್ದಾಗಿನ ಲೆಕ್ಕ ಇದ್ದರೆ ಕೆಟ್ಟಾಗ ಹೋಲಿಸಲು ಬರುತ್ತದೆ. ಶೀತಕದ ಅನಿಲಕ್ಕೆ ಮಾತ್ರ ಕೈ ಹಾಕಬೇಡಿ, ಈ ದೇಶದಲ್ಲಿ ಅದಕ್ಕೆ ಪ್ರಮಾಣಪತ್ರ ಪಡೆದವರೇ ಬೇಕು. ಬಂದವರನ್ನು ಕೇಳಿ: ಕಾಯಿಲಿನ ಈಚೆ ಎಷ್ಟು, ಆಚೆ ಎಷ್ಟು, ಒದ್ದೆ ಗುಂಡಿ ಎಷ್ಟು? ಮನೆಯಲ್ಲಿ ವಯಸ್ಸಾದವರು, ಹಸುಗೂಸು ಇದ್ದರೆ ಮಾತ್ರ ಲೆಕ್ಕಾಚಾರಕ್ಕೆ ಕಾಯಬೇಡಿ. ಅವರನ್ನು ಮೊದಲು ಸ್ನೇಹಿತರ ಮನೆಗೋ ಗ್ರಂಥಾಲಯಕ್ಕೋ ಕರೆದೊಯ್ಯಿರಿ. ನಮ್ಮ ಸಂಘದ ಯಾರಿಗಾದರೂ ಫೋನ್ ಮಾಡಿ, ಬಾಗಿಲು ತೆರೆಯುತ್ತಾರೆ.

ನಮ್ಮ ಹಳೆಯ ಯಂತ್ರ ಇನ್ನೂ ನಾಲ್ಕು ಬೇಸಿಗೆ ದುಡಿದು 2023ರಲ್ಲಿ ನಿವೃತ್ತಿಯಾಯಿತು. ಅಷ್ಟರಲ್ಲಿ ನಾವು ಹಣ ಕೂಡಿಸಿಕೊಂಡಿದ್ದೆವು, ಸಾಲ ಮಾಡಬೇಕಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತದೆ ಗಾದೆ. ನಮ್ಮ ಮನೆಯಲ್ಲಿ ಹುಣ್ಣು ಅಟ್ಟದಲ್ಲಿತ್ತು, ಕನ್ನಡಿ ಬೇಕಾಯಿತು. ಅತ್ತೆ ಈಗ ಉಡುಪಿಯಲ್ಲಿದ್ದಾರೆ. ಮೇ ತಿಂಗಳಲ್ಲಿ ಫೋನ್ ಮಾಡಿದರೆ ಮೊದಲ ಪ್ರಶ್ನೆ ಅದೇ: "ಅಲ್ಲಿ ಎಷ್ಟುಂಟು?" ನಾನು ಈಗ ಎರಡು ಸಂಖ್ಯೆ ಹೇಳುತ್ತೇನೆ, ಬಿಸಿಯದೊಂದು, ಸೆಖೆಯದೊಂದು.